ಕರಿಯನ ಫೋಟೊ

ಐವತ್ತು ದಾಟಿದ ಗಂಡಸೊಬ್ಬರು ನೆಲದ ಮೇಲೆ ಬೋರಲು ಮಲಗಿ, ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು ‘ಮಿಯಾಂವ್’ ಎಂದರು. ಎದುರಿಗಿದ್ದ ಕರಿನಾಯಿ ಗೋಡೆ ನೋಡಿತು. ಜಾತ್ರೆಯಲ್ಲಿ ಕೊಂಡ ಪೀಪಿ ಊದಿದರು. ನಾಯಿ ಇನ್ನೊಂದು ಗೋಡೆ ನೋಡಿತು. ಬೀಗದ ಗೊಂಚಲು ಅಲ್ಲಾಡಿಸಿದರು, ಚಿಪ್ಸ್ ಪೊಟ್ಟಣ ಪರಪರ ಅನ್ನಿಸಿದರು. ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಮೈಸೂರಿನ ಅಗ್ರಹಾರದ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿದೆ ಈ ಹಳೆಯ ಸ್ಟುಡಿಯೊ. ಗೋಡೆಯ ಮೇಲೆ ಈಗಲೂ ಕಪ್ಪುಬಿಳುಪಿನ ಮದುಮಕ್ಕಳಿದ್ದಾರೆ, ಬೋರಲು ಬಿದ್ದು ತಲೆಯೆತ್ತಿದ ಕೂಸಿದೆ, ಗೌನು ತೊಟ್ಟ ಪದವೀಧರೆ ಇದ್ದಾಳೆ. ಅವರ ನಡುವೆ ಈಚೆಗೆ ಒಂದು ಪಗ್, ಎರಡು ಲ್ಯಾಬ್ರಡಾರ್, ಬುಟ್ಟಿಯೊಳಗಿನ ಒಂದು ಬೆಕ್ಕು ಜಾಗ ಹಿಡಿದಿವೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ನಾಮಕರಣ, ಹುಟ್ಟುಹಬ್ಬದ ಕೆಲಸಗಳು ಉದುರಿಹೋದವು. ಪಾಸ್‌ಪೋರ್ಟ್ ಸೈಜಿನ ಫೋಟೊ ಉಳಿಯಿತು, ಜೊತೆಗೆ ಭಾನುವಾರದ ನಾಯಿ–ಬೆಕ್ಕು. “ಮನುಷ್ಯರು ಮೊಬೈಲ್ ಕಂಡ್ರೆ ನಿಂತ್ಕೋತಾರೆ ಸಾರ್, ಇವು ನಿಲ್ಲಲ್ಲ. ಅದಕ್ಕೇ ನನ್ನ ಹತ್ರ ಬರ್ತಾರೆ” ಎನ್ನುತ್ತಾರೆ ಮಾಲೀಕರು.

ಬಂದ ಕೂಡಲೇ ಫೋಟೊ ಇಲ್ಲ. ಮೊದಲ ಕಾಲು ಗಂಟೆ ನಾಯಿಯದು. ಟ್ರೈಪಾಡಿನ ಕಾಲು, ಪರದೆಯ ಅಂಚು, ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿ, ಎಲ್ಲವನ್ನೂ ಅದು ಮೂಸಿ ದಾಖಲು ಮಾಡಿಕೊಳ್ಳಬೇಕು. ಕ್ಯಾಮೆರಾವನ್ನೂ ನೆಲದ ಮೇಲಿಟ್ಟು ಮೂಸಲು ಬಿಡುತ್ತಾರೆ. ನಾಯಿಗಳ ಮರ್ಯಾದೆಯಲ್ಲಿ ದಿಟ್ಟಿಸಿ ನೋಡುವುದೆಂದರೆ ಜಗಳಕ್ಕೆ ಕರೆದಂತೆ. ಲೆನ್ಸ್ ಎಂಬುದು ರೆಪ್ಪೆ ಬಡಿಯದ ದೊಡ್ಡ ಕಣ್ಣು. ನುಣುಪಾದ ಬ್ಯಾಕ್‌ಡ್ರಾಪಿನ ಮೇಲೆ ಉಗುರು ಜಾರಿದರೆ ನಾಯಿ ಮತ್ತೆ ಅತ್ತ ಹೆಜ್ಜೆಯಿಡುವುದಿಲ್ಲ, ಅದಕ್ಕೆ ಬಟ್ಟೆಯಡಿ ಗೋಣಿತಾಟು. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿಂಡಿಯಿಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು: ಇವು ಹೆದರಿಕೆಯ ಗುರುತು. ಇದರಲ್ಲಿ ಎರಡು ಕಂಡರೂ ಕ್ಯಾಮೆರಾ ಪಕ್ಕಕ್ಕಿಟ್ಟು, ನಾಯಿಯನ್ನು ಬೇಕರಿಯವರೆಗೆ ಒಂದು ಸುತ್ತು ಕಳಿಸುತ್ತಾರೆ.

ಆಮೇಲೆ ಸೊಂಟದ ಸರದಿ. ನಿಂತು ತೆಗೆದರೆ ನಾಯಿಯ ತಲೆ ಕುಂಬಳಕಾಯಿ, ಕಾಲು ಬೆಂಕಿಕಡ್ಡಿ. ಅದರ ಕಣ್ಣಿನ ಮಟ್ಟಕ್ಕೆ ಮನುಷ್ಯ ಇಳಿಯಲೇಬೇಕು. ಹಾಗೆ ಇಳಿದೂ ಇಳಿದೂ ಇವರ ಪ್ಯಾಂಟಿನ ಮಂಡಿ ಬಿಳಿಚಿದೆ. ಮೇಜಿನ ಮೇಲೆ ಲೆನ್ಸ್ ಒರೆಸುವ ಬಟ್ಟೆಯ ಪಕ್ಕದಲ್ಲೇ ನೋವಿನ ಎಣ್ಣೆಯ ಶೀಶೆ ಇದೆ.

ಬೆಳಿಗ್ಗೆಯಿಂದ ಮೂರು ಗಿರಾಕಿ ಆಗಿದ್ದವು. ಲ್ಯಾಬ್ರಡಾರ್ ಹೊಟ್ಟೆಬಾಕ. ಬಿಸ್ಕತ್ತಿನ ಚೂರನ್ನು ಲೆನ್ಸಿನ ನೆತ್ತಿಗೆ ಹಿಡಿದರೆ ದೇವರನ್ನು ಕಂಡಂತೆ ನೋಡುತ್ತದೆ, ಆದರೆ ಮರುಕ್ಷಣವೇ ಜೊಲ್ಲಿನ ದಾರ. ಪೀಪಿ ಊದಿದಾಗ ಮೊದಲ ಸಲ ಕಿವಿ ನಿಮಿರಿ ಕತ್ತು ವಾಲಿತು. ಎರಡನೇ ಸಲ ಕಿವಿ ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ. ಆ ಮೊದಲ ಸಲವೇ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಹಿಡಿದುಬಿಡಬೇಕು. ಎರಡನೆಯದು ಪರ್ಷಿಯನ್ ಬೆಕ್ಕು. ತನ್ನ ಬುಟ್ಟಿ ಬಿಟ್ಟು ಹೊರಗೇ ಬರಲಿಲ್ಲ. ಯಾರೂ ಅದನ್ನು ಎಳೆಯಲಿಲ್ಲ. ಸೇಬಿನ ರಟ್ಟಿನ ಪೆಟ್ಟಿಗೆಯೊಂದನ್ನು ಬುಟ್ಟಿಯ ಬಾಯಿಗೆ ಇಟ್ಟು ಸುಮ್ಮನಾದರು. ಖಾಲಿ ಪೆಟ್ಟಿಗೆ ಕಂಡ ಬೆಕ್ಕು ತಾನಾಗಿ ಹೋಗಿ ಕೂತಿತು. ಬೆಳಕು ಜೋರಾಗಿ ಅದರ ಕಣ್ಣಪಾಪೆ ಗೀರಿನಂತಾಗಿತ್ತು. ಪರದೆ ಎಳೆದು ಸ್ವಲ್ಪ ಕಾದಾಗ ದುಂಡಗೆ ಅರಳಿತು. ಮೂರನೆಯದು ಬಾಗಲಕೋಟೆ ಕಡೆಯವರ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಅಂಚೆಚೀಟಿ ತಂದಿತ್ತು. “ನಮ್ದೂ ಹಂಗ ಬರಬೇಕ್ರಿ” ಎಂಬುದು ಯಜಮಾನರ ಹಟ. ಅಷ್ಟುದ್ದದ ಕಾಲು, ಒಳಕ್ಕೆ ಸೇದಿಕೊಂಡ ಹೊಟ್ಟೆ, ಬಿಲ್ಲಿನಂಥ ಬೆನ್ನು! ಎದುರಿನಿಂದ ತೆಗೆದರೆ ಎಲ್ಲವೂ ವ್ಯರ್ಥ. ಪಕ್ಕಕ್ಕೆ ನಿಲ್ಲಿಸಿ, ಹಿಂದಿನ ಕಾಲೊಂದನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು, ಅಷ್ಟೇ.

ಲ್ಯಾಬ್ರಡಾರಿನ ಮನೆಯವರು ಹುಟ್ಟುಹಬ್ಬದ ಟೋಪಿಯನ್ನೂ ಕಪ್ಪು ಕನ್ನಡಕವನ್ನೂ ತಂದಿದ್ದರು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹ್ಯಾರಿ ಪಾಯಿಂಟರ್ ಎಂಬಾತ 1870ರ ದಶಕದಲ್ಲೇ ಬೆಕ್ಕುಗಳನ್ನು ಮನುಷ್ಯರಂತೆ ಬಗೆಬಗೆಯ ಭಂಗಿಯಲ್ಲಿ ಕೂರಿಸಿ, ಕೆಳಗೆ ಒಕ್ಕಣೆ ಬರೆದು ಮಾರುತ್ತಿದ್ದನಂತೆ, ಆದ್ದರಿಂದ ಇದು ಇನ್‌ಸ್ಟಾಗ್ರಾಮಿನ ರೋಗವೆಂದು ಬೈಯುವಂತಿಲ್ಲ. ಅಮೆರಿಕದ ವಿಲಿಯಂ ವೆಗ್‌ಮನ್ ತನ್ನ ವೈಮರಾನರ್ ನಾಯಿಗಳಿಗೆ ಅಂಗಿ ತೊಡಿಸಿಯೇ ಕಲಾವಿದನೆಂದು ಹೆಸರಾದ. ಆದರೂ ನನಗೆ ಹಿಡಿಸದು. ಕನ್ನಡಕ ಹಾಕಿದರೆ ಫೋಟೊದಲ್ಲಿ ಕಣ್ಣೇ ಇರುವುದಿಲ್ಲ, ಕಣ್ಣಿಲ್ಲದ ಮೇಲೆ ಅದು ಯಾರ ಮನೆಯ ನಾಯಿಯಾದರೇನು? ಮಾಲೀಕರದು ವ್ಯಾಪಾರಿಯ ಜಾಣತನ: ವೇಷದಲ್ಲಿ ಎರಡು ತೆಗೆದು, “ಈಗ ಅದನ್ನ ಬಿಚ್ಚಿ, ಇನ್ನೆರಡು ತೆಗೆಯೋಣ” ಎನ್ನುತ್ತಾರೆ. ಫ್ರೇಮಿಗೆ ಹೋಗುವುದು ಸಾಮಾನ್ಯವಾಗಿ ಬಿಚ್ಚಿದ್ದೇ ಅಂತೆ.

ಕರಿಯನ ವಿಷಯ ಬೇರೆ. ಅಜ್ಜಿಯ ಬೀದಿಯಲ್ಲೇ ಹುಟ್ಟಿ, ಅವರ ಜಗುಲಿಯಲ್ಲೇ ಹದಿಮೂರು ವರ್ಷ ಕಳೆದ ನಾಯಿ. ಮೈಯೆಲ್ಲ ಕಪ್ಪು, ಮೂತಿ ಮಾತ್ರ ಬೂದಿ ಬಳಿದಂತೆ. ಹೊರದೇಶದಲ್ಲಿರುವ ಮೊಮ್ಮಗನಿಗೆ ಅದರ ದೊಡ್ಡ ಫೋಟೊ ಬೇಕಂತೆ. ಕರಿನಾಯಿಯೆಂದರೆ ಈ ಕಸುಬಿನಲ್ಲಿ ಪರೀಕ್ಷೆ. ಕ್ಯಾಮೆರಾದ ಮೀಟರು ಜಗತ್ತೆಲ್ಲ ನಸುಬೂದು ಎಂದು ನಂಬಿಕೊಂಡಿರುತ್ತದೆ. ಎದುರಿಗೆ ಕಪ್ಪು ತುಂಬಿದರೆ, ಕತ್ತಲಾಯಿತೆಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಕರಿಯ ಬೂದಿಯಾಗುತ್ತಾನೆ. ತಗ್ಗಿಸಿದರೆ ಕೂದಲ ಎಳೆಗಳೆಲ್ಲ ಅಳಿಸಿ, ನಾಯಿಯಾಕಾರದ ತೂತು ಉಳಿಯುತ್ತದೆ. ನೇರವಾಗಿ ಫ್ಲ್ಯಾಶ್ ಹೊಡೆದರಂತೂ ಕಣ್ಣು ದೆವ್ವದ್ದು: ನಾಯಿಯ ಕಣ್ಣಿನ ಹಿಂದೆ ಕನ್ನಡಿಯಂಥ ಪದರವಿದೆ, ಬೆಳಕನ್ನು ಹಾಗೇ ವಾಪಸ್ ಎಸೆಯುತ್ತದೆ. ಮಾಲೀಕರು ದೀಪಗಳನ್ನೆಲ್ಲ ಆರಿಸಿದರು. ಪೂರ್ವದ ಕಿಟಕಿಗೆ ಬಿಳಿ ಪಂಚೆ ಕಟ್ಟಿದರು. ಕರಿಯನನ್ನು ಅದಕ್ಕೆ ಓರೆಯಾಗಿ ಕೂರಿಸಿದರು. ಸೋಸಿ ಬಂದ ಬೆಳಕು ಬೆನ್ನ ಮೇಲೆ ಸವರಿಕೊಂಡು ಹೋದಂತೆ, ಕಪ್ಪೊಳಗೆ ನೀಲಿ, ಕಂದು, ಮುದಿತನದ ಒಂದೊಂದು ಬಿಳಿಗೂದಲು ಎದ್ದು ಬಂದವು. ಎರಡೂ ಕಣ್ಣಲ್ಲಿ ಕಿಟಕಿಯ ಪುಟ್ಟ ಚೌಕ ಕೂತಿತು, ಸರಳು ಎಣಿಸುವಂತೆ.

ಇಷ್ಟಾದ ಮೇಲೆಯೇ ಆ ಮಿಯಾಂವ್, ಪೀಪಿ, ಚಿಪ್ಸು. ಬಾಯಲ್ಲಿದ್ದ ಸದ್ದುಗಳೆಲ್ಲ ಮುಗಿದು ಮಾಲೀಕರು ಎದ್ದು ಕೂತಾಗ ಅಜ್ಜಿ ಹೇಳಿದರು: “ಅವನಿಗೆ ಕಿವಿ ಕೇಳಲ್ಲ ಕಣಪ್ಪ. ಎರಡು ವರ್ಷ ಆಯ್ತು.”

“ಮೊದ್ಲೇ ಹೇಳಬಾರದಾ ಅಮ್ಮ?”

“ನೀನು ಅಷ್ಟು ಚೆನ್ನಾಗಿ ಕೂಗ್ತಾ ಇದ್ದೆ.”

ಊಟಕ್ಕೆ ಹೇಗೆ ಕರೀತೀರಿ ಎಂದು ನಾನು ಕೇಳಿದೆ. ಅಜ್ಜಿ ಎದ್ದು ಬಂದು, ಮತ್ತೆ ಬೋರಲು ಮಲಗಿದ ಮಾಲೀಕರ ಬೆನ್ನ ಹಿಂದೆ ನಿಂತು, ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದಿದರು. ಹಳೆಯ ಮಹಡಿ ಸಣ್ಣಗೆ ಅದುರಿತು. ಆ ಅದುರು ಪಾದದಿಂದ ಹತ್ತಿತೋ ಏನೋ, ಕರಿಯ ತಿರುಗಿದ. ಬಾಯಿ ಮುಚ್ಚಿತ್ತು. ಎಡಗಿವಿ ನೆಟ್ಟಗೆ ನಿಂತಿತು, ಬಲಗಿವಿ ಅರ್ಧಕ್ಕೆ ಮಡಚಿಕೊಂಡಿತು. ಅಜ್ಜಿಯ ಮುಖಕ್ಕೆ ಮುಖವಿಟ್ಟು ನೋಡಿದ. ಷಟರು ನಾಲ್ಕೈದು ಸಲ ಚಟಚಟ ಎಂದಿತು. ಅಷ್ಟರಲ್ಲಿ ಅವನು ಎದ್ದು, ಊಟವೆಲ್ಲಿ ಎಂದು ಅಜ್ಜಿಯ ಸೀರೆ ಮೂಸತೊಡಗಿದ್ದ.

ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಕಣ್ಣೊಳಗಿನ ಕಿಟಕಿಯ ಪಕ್ಕದಲ್ಲಿ ಒಂದು ಸಣ್ಣ ನೆರಳಿತ್ತು. “ಇದು ನೀವೇ ಅಮ್ಮ” ಎಂದರು. ಅಜ್ಜಿ ಕನ್ನಡಕ ಹಣೆಗೇರಿಸಿ ನೋಡಿದರು, ಏನೂ ಹೇಳಲಿಲ್ಲ. ಬಿಲ್ಲು ಬರೆಸುವಾಗ ಕೇಳಿದರು: ದೊಡ್ಡದು ಮೊಮ್ಮಗನಿಗಾಯಿತು, ನನಗೆ ಪರ್ಸಿನಲ್ಲಿಡುವಂಥದ್ದು ಕೊಡ್ತೀಯಾ?

“ಪಾಸ್‌ಪೋರ್ಟ್ ಸೈಜು ಕೊಡ್ತೀನಿ, ಎಂಟು ಕಾಪಿ ಬರ್ತದೆ. ಕಿವಿ ಮಾತ್ರ ಒಂದು ಮಡಚಿದೆ, ಆಫೀಸಿನವರು ಒಪ್ಪಲ್ಲ.”

ಒಂದೇ ಹಾಳೆಯಲ್ಲಿ ಎಂಟು ಕರಿಯಂದಿರು ಬಂದರು, ಎಂಟಕ್ಕೂ ಬಲಗಿವಿ ಮಡಚಿತ್ತು. ಅಜ್ಜಿ ಎಣಿಸಿಕೊಂಡು ಪರ್ಸಿಗೆ ಹಾಕಿಕೊಂಡರು.