ಒರಳು ಮತ್ತು ಗುಂಡು: ಮೇಕೆದಾಟಿನ ಬಂಡೆಗುಳಿಗಳು

ಕಾವೇರಿ–ಅರ್ಕಾವತಿಗಳು ಕೂಡುವ ಸಂಗಮದಿಂದ ಸುಮಾರು 4 ಕಿ.ಮೀ. ಕೆಳಗೆ, ಕನಕಪುರ ತಾಲ್ಲೂಕಿನ ಮೇಕೆದಾಟಿನಲ್ಲಿ, ವಿಶಾಲವಾದ ನದಿಯು ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ಇಳಿಯುತ್ತದೆ. ಹುಲಿಯಿಂದ ಪಾರಾಗಲು ಮೇಕೆಯೊಂದು ಇದನ್ನು ಜಿಗಿದು ದಾಟಿತೆಂಬ ಸ್ಥಳಪುರಾಣ ಪ್ರಸಿದ್ಧವಾದುದು. ಆ ಪ್ರಸಿದ್ಧಿಯ ಮರೆಯಲ್ಲಿ, ದಡದ ಬಂಡೆಗಳಲ್ಲಿರುವ ದುಂಡನೆಯ ಗುಳಿಗಳು ಅಧ್ಯಯನಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ.

ಪ್ರವಾಹಕಾಲದಲ್ಲಿ ನೀರು ಬಂಡೆಯ ಬಿರುಕಿಗೋ ತಗ್ಗಿಗೋ ಬಡಿದು ಸುಳಿಯಾಗುತ್ತದೆ. ಸುಳಿಗೆ ಸಿಕ್ಕ ಮರಳು, ಹರಳು, ಗುಂಡುಕಲ್ಲುಗಳು ಗಿರಗಿರನೆ ತಿರುಗುತ್ತ ತಗ್ಗನ್ನು ಅರೆಯುತ್ತವೆ. ಇಲ್ಲಿ ಮುಖ್ಯವಾಗಿ ಕಲ್ಲನ್ನು ಸವೆಸುವುದು ಬರಿಯ ನೀರಲ್ಲ, ನೀರು ತಿರುಗಿಸುವ ಕಲ್ಲು. ತಗ್ಗು ಆಳವಾದಷ್ಟೂ ಸುಳಿ ಅಲ್ಲಿಯೇ ನೆಲೆನಿಲ್ಲುತ್ತದೆ. ಬಾಯಿಗಿಂತ ಒಡಲು ಅಗಲವಾಗುವುದೂ ಉಂಟು. ಗುಂಡುಗಳೂ ಸವೆದು ಪುಡಿಯಾಗುತ್ತವೆ. ಮುಂದಿನ ಪ್ರವಾಹ ಹೊಸವನ್ನು ತಂದಿಕ್ಕುತ್ತದೆ. ನೆರೆಯ ಎರಡು ಗುಳಿಗಳ ನಡುವಣ ಗೋಡೆ ಸವೆದು ತೂತಾದಾಗ ಬಂಡೆಯಲ್ಲಿ ಕಿಂಡಿ ಮೂಡುತ್ತದೆ. ಹೀಗೆ ಗುಳಿಗಳು ಒಂದನ್ನೊಂದು ಕೂಡಿಕೊಳ್ಳುತ್ತ ಹೋದಂತೆ ನದೀಪಾತ್ರವೇ ಆಳಗೊಳ್ಳುತ್ತದೆ.

ಮಹಾರಾಷ್ಟ್ರದ ನಿಘೋಜದಲ್ಲಿ ಕುಕಡಿ ನದಿಯು ಬಸಾಲ್ಟ್ ಶಿಲೆಯಲ್ಲಿ ಕೊರೆದ ಇಂಥವೇ ಗುಳಿಗಳಿವೆ. ಮರಾಠಿಯಲ್ಲಿ ಇವಕ್ಕೆ ‘ರಾಂಜಣಖಳಗೆ’ ಎಂದು ಹೆಸರು. ರಾಂಜಣವೆಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ನಮ್ಮ ಗುಡಾಣದಂಥದು. ಈ ಹೆಸರು ಗುಳಿಯ ಆಕಾರವನ್ನು ಮಾತ್ರ ಹಿಡಿದಿದೆ. ಕನ್ನಡ ನಾಡಿನ ಅಡುಗೆಮನೆಯ ಒರಳು ಮತ್ತು ರುಬ್ಬುಗುಂಡುಗಳ ಜೋಡಿಯಾದರೋ ಅದರ ಕ್ರಿಯೆಯನ್ನೇ ತೋರಿಸಿಕೊಡುತ್ತದೆ. ಒರಳಿನ ಹೋಲಿಕೆ ಕೇವಲ ಅಲಂಕಾರವಲ್ಲ.

ಆದರೆ ಬಂಡೆಯ ಮೇಲಿನ ಪ್ರತಿಯೊಂದು ತಗ್ಗೂ ನದಿಯ ಕೆಲಸವಲ್ಲ. ಬಳ್ಳಾರಿ ಸಮೀಪದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕಲ್ಲುಕೊಡಲಿಗಳನ್ನು ಉಜ್ಜಿ ನುಣುಪುಗೊಳಿಸಿದ ಗಾಡಿಗಳಿವೆ. ಅವು ಮನುಷ್ಯನ ಕೈಯಿಂದಾದವು. ಹೊಳೆಯ ಹಾದಿ, ಸುಳಿ ಬಿಟ್ಟ ದುಂಡು ಗೋಡೆ, ತಳದಲ್ಲಿ ಉಳಿದ ಗುಂಡುಕಲ್ಲು, ಇವನ್ನು ನೋಡದೆ ಗುಳಿಯನ್ನು ‘ಪ್ರಾಚೀನ ಒರಳು’ ಎಂದು ಬರೆದುಕೊಳ್ಳುವುದು ಅವಸರದ ಕ್ಷೇತ್ರಕಾರ್ಯವಾದೀತು.

ನೀರು ಏರಿದಾಗ ಗುಳಿಯ ಬಾಯಿ ಕಾಣುವುದಿಲ್ಲ. ಮೇಕೆದಾಟಿನಲ್ಲಿ ನೀರಿಗಿಳಿದ ಅನೇಕರು, ವಿಶೇಷವಾಗಿ ಹೊರಗಿನಿಂದ ಬಂದ ಪ್ರವಾಸಿಗಳು, ಪ್ರಾಣ ಕಳೆದುಕೊಂಡಿದ್ದಾರೆ. ಮೇಕೆಯ ಕಥೆ ಅವರಿಗೆ ಗೊತ್ತಿದ್ದೀತು. ಸುಳಿ ಎಲ್ಲಿ, ಮಡು ಎಲ್ಲಿ ಎಂಬ ದಂಡೆಯವರ ತಿಳಿವಳಿಕೆ ಗೊತ್ತಿರುವುದಿಲ್ಲ. ಸ್ಥಳಪುರಾಣದ ಜೊತೆಗೇ ಸಂಗ್ರಹವಾಗಬೇಕಾದದ್ದು ಈ ತಿಳಿವಳಿಕೆ.