ಪೊಟ್ಟಣದ ಮೇಲಿನ ಹುಟ್ಟೂರು

ತಿಂಗಳ ಸಾಮಾನು ಮನೆಗೆ ಬಂದ ದಿನ ತೊಗರಿಬೇಳೆಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡೋಣ. ತೂಕವಿದೆ, ಬೆಲೆಯಿದೆ, ಕಟ್ಟಿದವರ ವಿಳಾಸವಿದೆ. ಬೇಳೆ ಯಾವ ನೆಲದಲ್ಲಿ ಬೆಳೆಯಿತೆಂಬುದು ಮಾತ್ರ ಅನೇಕ ವೇಳೆ ಕಾಣುವುದಿಲ್ಲ. “ಇದು ಎಲ್ಲಿಯದು, ಸಾಹುಕಾರರೆ?” ಎಂದು ವಿಚಾರಿಸಿದರೆ, “ಗುಲ್ಬರ್ಗದ ಒಂದನೆಯ ನಂಬರಿನ ಮಾಲು, ಸ್ವಾಮಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ನಿಜವೇ ಇರಬಹುದು. ಆದರೆ ಅದನ್ನು ನಾವು ಅರಿಯುವ ಬಗೆ ಯಾವುದು?

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿ 1874ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂ ಆ ದಾರಿಯಲ್ಲಿವೆ. ವಾಡಿಯಿಂದ ಕಲಬುರಗಿಯ ಕಡೆಗೆ ಶಹಾಬಾದ್, ಸೇಡಮ್ಮಿನ ಉತ್ತರಕ್ಕೆ ಚಿಂಚೋಳಿ. ಮೇಲೆ ಕಪ್ಪು ಮಣ್ಣು, ಅಡಿಯಲ್ಲಿ ಸುಣ್ಣದ ಕಲ್ಲು. ಈ ನೆಲದಿಂದ ಹೊರಡುವ ಮುಖ್ಯ ಪದಾರ್ಥಗಳು ಮೂರು: ಸಿಮೆಂಟು, ಹಾಸುಗಲ್ಲು, ತೊಗರಿ. ವಾಡಿಯ ಸಿಮೆಂಟು ಚೀಲದ ಮೇಲೆ ತಯಾರಕರ ಹೆಸರು, ಮಾನಕ ಸಂಸ್ಥೆಯ ಮುದ್ರೆ, ಚೀಲ ತುಂಬಿದ ವಾರ ಮತ್ತು ವರ್ಷ ಇಷ್ಟೂ ಅಚ್ಚಾಗಿರುತ್ತವೆ. ಶಹಾಬಾದಿನ ಕಲ್ಲಿನ ಗತಿ ಬೇರೆ. ಮಹಾರಾಷ್ಟ್ರದ ಪಟ್ಟಣಗಳಲ್ಲಿ ‘ಶಹಾಬಾದಿ’ ಎಂಬುದು ನೆಲಕ್ಕೆ ಹಾಸುವ ಒಂದು ಬಗೆಯ ಕಲ್ಲಿನ ಹೆಸರೇ ಆಗಿಹೋಗಿದೆ. ಗಣಿ ಎಲ್ಲಿಯದೆಂದು ಕೇಳುವವರು ವಿರಳ. ಊರು ಪ್ರಸಿದ್ಧವಾಯಿತು, ಹೆಸರು ಮಾತ್ರ ಊರಿನ ಕೈಬಿಟ್ಟಿತು.

ತೊಗರಿಗೂ ಈ ಗತಿ ಬಾರದಿರಲೆಂದೇ 2019ರಲ್ಲಿ ‘ಗುಲ್ಬರ್ಗ ತೊಗರಿಬೇಳೆ’ಗೆ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. 1999ರ ಅಧಿನಿಯಮವೊಂದು ಇದಕ್ಕೆ ಆಧಾರ; 2003ರಲ್ಲಿ ಅದು ಜಾರಿಗೆ ಬಂದಿತು. ನೋಂದಾಯಿತ ಹೆಸರನ್ನು ಸುಳ್ಳಾಗಿ ಅಂಟಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಕಾನೂನು ಮೃದುವಾದುದೆಂದು ಯಾರೂ ಹೇಳಲಾರರು.

ತೊಡಕಿರುವುದು ಗಿರಣಿಯಲ್ಲಿ. ಚಿತ್ತಾಪುರದ ರೈತನು ರಾಶಿ ಮಾಡಿ ಮಾರುಕಟ್ಟೆಯ ಅಂಗಳಕ್ಕೆ ತಂದ ತೊಗರಿಯನ್ನು ವರ್ತಕನು ಹರಾಜಿನಲ್ಲಿ ಕೊಳ್ಳುತ್ತಾನೆ. ಅಲ್ಲಿಂದ ಅದು ಗಿರಣಿ ಸೇರಿ, ಎಣ್ಣೆ ಸವರಿಸಿಕೊಂಡು, ಬಿಸಿಲಿಗೆ ಒಣಗಿ, ಸಿಪ್ಪೆ ಕಳಚಿ ಎರಡು ಹೋಳಾಗುತ್ತದೆ. ಅದೇ ಗಿರಣಿಗೆ ಬೇರೆ ಜಿಲ್ಲೆಯ ಕಾಳು ಬರಬಹುದು, ಹಡಗಿನಲ್ಲಿ ಬಂದ ಕಾಳೂ ಬರಬಹುದು. ಮ್ಯಾನ್ಮಾರ್, ತಾಂಜಾನಿಯ, ಮಲಾವಿ ದೇಶಗಳ ತೊಗರಿ ನಮ್ಮಲ್ಲಿಗೆ ಬರುತ್ತದೆ. ಮೊಜಾಂಬಿಕ್‌ನೊಡನೆ 2016ರಲ್ಲಿ ಭಾರತ ಸರ್ಕಾರವು ಒಪ್ಪಂದವನ್ನೇ ಮಾಡಿಕೊಂಡಿತು. ಸಿಪ್ಪೆ ಹೋದ ಮೇಲೆ ಯಾವ ಹೋಳು ಯಾವ ಖಂಡದ್ದೆಂದು ಗೃಹಿಣಿಯ ಕಣ್ಣು ಹೇಗೆ ಹೇಳೀತು? ಕುದಿಸಿದ ಮೇಲೆ ನಾಲಗೆ ಹೇಳೀತೆನ್ನುವವರಿದ್ದಾರೆ. ನಮ್ಮ ನಾಲಗೆಗೆ ಅಷ್ಟು ಪಾಂಡಿತ್ಯವಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಹೊರದೇಶದ ತೊಗರಿಯನ್ನು ನಾವು ಹಳಿಯುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಆ ಕಾಳು ಬಾರದಿದ್ದರೆ ಬಡವನ ಮನೆಯ ಸಾರು ತಿಳಿಯಾದೀತು. ಅದು ತನ್ನ ಹೆಸರಿನಲ್ಲಿಯೇ ಬರಲಿ ಎಂಬುದಷ್ಟೇ ನಮ್ಮ ಅಪೇಕ್ಷೆ. ಆಮದಾದ ಪೊಟ್ಟಣದ ಮೇಲೆ ಮೂಲದೇಶದ ಹೆಸರಿರಬೇಕೆಂದು ನಮ್ಮ ತೂಕ ಅಳತೆಗಳ ನಿಯಮವೂ ವಿಧಿಸುತ್ತದೆ. ನಿಜವಾದ ಹೆಸರಿನಿಂದ ಸರಕಿಗೆ ನಷ್ಟವೇ ಆಗಬೇಕೆಂದಿಲ್ಲ. ಜರ್ಮನಿಯ ಜೋಲಿಂಗೆನ್ ಪಟ್ಟಣದ ಚಾಕುಗಳು ಇಂಗ್ಲೆಂಡಿನ ಶೆಫೀಲ್ಡಿನ ಮುದ್ರೆ ಹೊತ್ತು ಬರುತ್ತಿದ್ದುದರಿಂದ ಸಿಟ್ಟಿಗೆದ್ದ ಬ್ರಿಟಿಷರು, 1887ರಲ್ಲಿ ಸುಳ್ಳು ಮುದ್ರೆಯ ವಿರುದ್ಧ ಕಾನೂನು ತಂದರು. ‘ಮೇಡ್ ಇನ್ ಜರ್ಮನಿ’ ಎಂಬ ಬರೆಹ ಕಂಡರೆ ಗಿರಾಕಿ ಹಿಂಜರಿದಾನೆಂದು ಅವರ ಲೆಕ್ಕ. ಕೆಲವೇ ವರ್ಷಗಳಲ್ಲಿ ಆ ಬರೆಹವೇ ಒಳ್ಳೆಯ ಸರಕಿನ ಗುರುತಾಯಿತು!

ಕಟ್ಟಿದ ಊರನ್ನು ಬೆಳೆದ ಊರೆಂದು ಓದುಗನು ಭ್ರಮಿಸುವಂತೆ ಅಚ್ಚು ಮಾಡುವುದು ನಮಗೆ ಸುಳ್ಳಿನ ನೆರೆಮನೆಯಾಗಿಯೇ ತೋರುತ್ತದೆ. ಕಲಬುರಗಿಯಲ್ಲಿ ಒಡೆದ ಮಾತ್ರಕ್ಕೆ ಆಫ್ರಿಕದ ಕಾಳು ಕಲಬುರಗಿಯದಾಗದು. ಬೆಳೆದದ್ದು ಎಲ್ಲಿ, ಒಡೆದದ್ದು ಎಲ್ಲಿ, ಕಟ್ಟಿದ್ದು ಎಲ್ಲಿ ಎಂದು ಮೂರು ಸಾಲು ಬೇರೆಬೇರೆಯಾಗಿ ಇರಬೇಕು. ಮೊದಲ ಸಾಲು ನಿಜವಾಗಬೇಕಾದರೆ ಗಿರಣಿಯಲ್ಲಿ ರಾಶಿಗಳು ಬೇರೆಯಾಗಿಯೇ ಉಳಿಯಬೇಕು, ಅದರ ಲೆಕ್ಕವೂ ಇರಬೇಕು. ಇದಕ್ಕೆ ಖರ್ಚು ತಗಲುವುದು ದಿಟ. ಆ ಖರ್ಚನ್ನು ರೈತನ ತಲೆಗೇ ಕಟ್ಟಿದರೆ ನೋಂದಣಿಯಿಂದ ಅವನಿಗೆ ಬಂದ ಭಾಗ್ಯವೇನು?

ನೋಂದಾಯಿತ ಹೆಸರನ್ನು ಬಳಸುವ ಹಕ್ಕಿಗಾಗಿ ಬೆಳೆಗಾರನು ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ದಾಖಲೆ ಮಾಡಿಸಬಹುದು. ಅರ್ಜಿ ಹೋಗಬೇಕಾದುದು ಚೆನ್ನೈಯ ನೋಂದಣಿ ಕಚೇರಿಗೆ. ಚಿಂಚೋಳಿಯ ಒಂದೆರಡು ಎಕರೆಯ ಹಿಡುವಳಿದಾರನು ಅದನ್ನು ತಾನೇ ತುಂಬಿ ಕಳುಹಿಸುವನೆಂದು ನಂಬುವುದು ಕಷ್ಟ. ಅವನ ಪರವಾಗಿ ಊರಿನ ಸಹಕಾರ ಸಂಘವು ಈ ಕೆಲಸ ವಹಿಸಿಕೊಳ್ಳಬಹುದಲ್ಲವೆ?