ಮನೆ ಕಟ್ಟುವ ಮರಳು ಮೀನಿನ ತೊಟ್ಟಿಗೆ ಆದೀತೇ?

ನಾಸಿಕದ ಸಾತಪುರದಲ್ಲಿದ್ದೇವೆ. ಮನೆ ಕಟ್ಟಲು ತರಿಸಿದ ಹೊಳೆಮರಳನ್ನೇ ತೊಳೆದು ಅಕ್ವೇರಿಯಂಗೆ ಹಾಕಬಹುದೇ?

ಹಾಕಬಹುದು, ಆದರೆ ತೊಳೆದರಷ್ಟೇ ಸಾಲದು. ತೊಳೆದಾಗ ಹೋಗುವುದು ಮಣ್ಣು; ತೊಂದರೆ ಇರುವುದು ಮರಳಿನಲ್ಲಿ ಬೆರೆತ ಸುಣ್ಣದ ಕಾಳುಗಳಲ್ಲಿ. ನಾಸಿಕದ ಸುತ್ತಲಿನ ನೆಲ ಲಾವಾ ಹರಿದು ಗಟ್ಟಿಯಾದ ಕಪ್ಪುಕಲ್ಲು. ಅದರ ಚೂರುಗಳಿಂದ ಮೀನಿಗೆ ಅಪಾಯವಿಲ್ಲ. ಆದರೆ ಆ ಕಲ್ಲಿನ ಪೊಟರೆಗಳಲ್ಲಿ ಬೆಳೆದ ಕ್ಯಾಲ್ಸೈಟ್, ಕಪ್ಪುಮಣ್ಣಿನಲ್ಲಿ ಗಂಟುಗಟ್ಟಿದ ಸುಣ್ಣ ಎರಡೂ ಹೊಳೆಗೆ ಬಂದು ಸೇರುತ್ತವೆ. ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ತುಸು ಹುಳಿಯಾಗಿಸುತ್ತದೆ. ಆ ಹುಳಿಗೆ ಸುಣ್ಣ ನಿಧಾನವಾಗಿ ಕರಗಿ ನೀರು ಗಡಸಾಗುತ್ತದೆ, ಪಿಎಚ್ ಏರುತ್ತದೆ. ತೊಳೆದು ಒಣಗಿಸಿದ ಒಂದು ಚಮಚ ಮರಳಿಗೆ ವಿನೆಗರ್ ಸುರಿದು ನೋಡಿ. ಅಡುಗೆ ಸೋಡಾಕ್ಕೆ ನಿಂಬೆರಸ ಬಿದ್ದಂತೆ ನೊರೆ ಎದ್ದರೆ ಆ ಮರಳು ಬೇಡ. ವಿನೆಗರ್ ಸೌಮ್ಯ ಆಮ್ಲ, ಹಾಗಾಗಿ ಬೆಳಕಿಗೆ ಹಿಡಿದು ಬಿಳಿ ಕಾಳುಗಳಿಂದ ಸಣ್ಣ ಗುಳ್ಳೆ ಏಳುತ್ತಿವೆಯೇ ಎಂದೂ ಗಮನಿಸಿ.

ಗಪ್ಪಿಗೆ, ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸು ನೀರೇ ಹಿತವಲ್ಲವೇ ಎನ್ನಬಹುದು. ನಿಜ, ಆದರೆ ಅಮೆಜಾನ್ ಕೊಳ್ಳದ ಮೆದು ನೀರಿನ ನಿಯಾನ್ ಟೆಟ್ರಾಗೆ ಅದು ಒಗ್ಗದು. ಹಾಗೆಂದು ಹೊಳೆಮರಳು ಬಿಟ್ಟು ಎಂ-ಸ್ಯಾಂಡ್‌ಗೆ ಹೋಗಬೇಡಿ: ಯಂತ್ರ ಒಡೆದ ಕಾಳಿನ ಅಂಚು ಚೂಪು, ತಳ ಕೆದಕುವ ಕೋರಿಡೋರಸ್ ಮೀನಿನ ಮೀಸೆ ಸವೆಯುತ್ತದೆ. ಉರುಟು ಕಾಳಿನ ಮರಳು ಎರಡು ಮೂರು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು.